ಎರಡು ಹಿಡಿಯ ಕಟ್ಟೆ

ಕರಾವಳಿಯಿಂದ ಮರಡಿಘಟ್ಟ ಹತ್ತಿ ಬಂದರೆ ಕೊನೆಯ ತಿರುವಿನಲ್ಲಿ ಒಂದು ಹಳೆಯ ಸುಂಕದ ಕಟ್ಟೆ ಸಿಗುತ್ತದೆ. ಅದರ ಒಂದು ಪಕ್ಕಕ್ಕೆ ಶಾಲೆ, ಇನ್ನೊಂದು ಪಕ್ಕಕ್ಕೆ ಸರ್ಕಾರಿ ಆಸ್ಪತ್ರೆ. ಕಟ್ಟೆಯ ಚಪ್ಪಡಿಯಲ್ಲಿ ಎರಡು ಪುಟ್ಟ ಕುಳಿಗಳಿವೆ. ನಮ್ಮ ಅಂಗಡಿಗೆ ಉಪ್ಪು ತರುವ ಲಾರಿಯವರು ಇಂದಿಗೂ ಅಲ್ಲಿ ಇಳಿದು ಎರಡಕ್ಕೂ ಅಷ್ಟಷ್ಟು ಉಪ್ಪು ಸುರಿದೇ ಮುಂದೆ ಹೋಗುವುದು. ದೇವರಿಲ್ಲದ ಈ ಕಟ್ಟೆಗೆ ಎರಡು ಹಿಡಿಯ ಕಟ್ಟೆ ಎಂಬ ಹೆಸರು ಬಂದದ್ದು ವ್ಯಾಪಾರಸ್ಥರ ಜಿಪುಣತನದಿಂದ ಎನ್ನುತ್ತಾರೆ. ವ್ಯಾಪಾರಸ್ಥನಾದ ನನಗೂ ಅದು ನಿಜವೆನ್ನಿಸುತ್ತದೆ.

ಹಿಂದೆ ಒಮ್ಮೆ, ಈ ದಾರಿಯಲ್ಲಿ ಹೇರೆತ್ತುಗಳ ಮೇಲೆ ಉಪ್ಪು ಸಾಗುತ್ತಿದ್ದ ಕಾಲದಲ್ಲಿ, ಎತ್ತಿನ ಹೇರಿಗೊಂದು ಹಿಡಿ ಉಪ್ಪು ಸುಂಕವೆಂದು ಅರಸನ ಕಟ್ಟಳೆಯಾಯಿತು. ಸುಂಕದ ಹೆಗ್ಗಡೆ ಬೀಚಣನ ಅಂಗೈ ಮೊರದಷ್ಟಗಲ. ಅವನು ಹಿಡಿ ತುಂಬಿದರೆ ಚೀಲವೇ ಸೊರಗುತ್ತಿತ್ತಂತೆ. ಉಪ್ಪಿನ ವರ್ತಕರ ಮುಖಂಡ ಕೇತಿಸೆಟ್ಟಿ ಅರಸನಲ್ಲಿಗೆ ಹೋಗಿ, ಏಳು ವರ್ಷ ತುಂಬದ ಮಗುವಿನ ಕೈಯಿಂದಲೇ ಅಳೆಯಬೇಕು, ಮಗುವಿಗೆ ಕಪಟ ತಿಳಿಯದು ಎಂದು ನಯವಾಗಿ ವಾದಿಸಿ, ಹಾಗೆಯೇ ಕಟ್ಟಳೆ ಮಾಡಿಸಿಕೊಂಡು ಬಂದ. ಹೆಗ್ಗಡೆ ಘಟ್ಟದ ಮೇಲಿನ ಹಟ್ಟಿಯ ಮಕ್ಕಳನ್ನು ಕರೆತಂದು ಕೂರಿಸಿದ. ಅವರು ದಿನವಿಡೀ ಜಗಳವಾಡಿ ಉಪ್ಪು ಎರಚಾಡತೊಡಗಿದಾಗ, ಮರಳಿನ ಮೇಲೆ ಅಕ್ಷರ ತಿದ್ದಿಸಲು ಒಬ್ಬ ಅಯ್ಯನನ್ನು ನೇಮಿಸಿದ. ಅಯ್ಯನ ಊಟ ಆ ಸುಂಕದ ಉಪ್ಪಿನಿಂದಲೇ ನಡೆಯಬೇಕು. ಕೈ ದೊಡ್ಡದಾದ ಮಗು ಎದ್ದರೆ ಎಳೆಯದೊಂದು ಬಂದು ಕೂರುತ್ತಿತ್ತು. ಹೀಗೆ ಯಾರೂ ಯೋಚಿಸದೆಯೇ ಹಟ್ಟಿಯ ಮಕ್ಕಳೆಲ್ಲ ಓದು ಕಲಿತರು.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಹಟ್ಟಿಗೆ ಜ್ವರ ಬಂತು. ಕೇತಿಸೆಟ್ಟಿಯ ಎತ್ತುಗಳು ಸಾಲುಗಟ್ಟಿ ನಿಂತಾಗ ಅಳೆಯಲು ಉಳಿದಿದ್ದವಳು ಕಾಳವ್ವೆ ಎಂಬ ಹುಡುಗಿ ಒಬ್ಬಳೇ. ಅವಳ ಹಿಡಿ ಸಡಿಲಗೊಂಡು ಅರ್ಧ ಉಪ್ಪು ಚೀಲಕ್ಕೇ ಮರಳುತ್ತಿತ್ತು. ಇವತ್ತು ಸುಂಕ ಅರ್ಧಕ್ಕಿಳಿಯಿತು ಎಂದು ಹಿಂದಿದ್ದ ವರ್ತಕರು ನಕ್ಕರು. ಅಷ್ಟರಲ್ಲಿ ಮಗು ಚೀಲಕ್ಕೇ ಒರಗಿ ಕಣ್ಣು ಮುಚ್ಚಿತು. ಸೆಟ್ಟಿ ಹಣೆ ಮುಟ್ಟಿದರೆ ಕಾದ ಹೆಂಚು. ಮೇಲೆ ಮೋಡ ಕವಿಯುತ್ತಿತ್ತು. ದಾರಿ ಬಿಡು ಎಂದು ಹೆಗ್ಗಡೆಯನ್ನು ಕೇಳಿದ.

“ಕಟ್ಟಳೆ ನಿಮ್ಮದೇ, ಸೆಟ್ಟರೇ. ಎಳೆಗೈ ಬೇಕು. ನನ್ನ ಕೈ ಆದೀತೇ?” ಎಂದು ಹೆಗ್ಗಡೆ ಅಂಗೈ ಚಾಚಿದ.

ಘಟ್ಟದ ಕೆಳಗೆ ಒಬ್ಬ ವೈದ್ಯನಿದ್ದ. ಅವನನ್ನು ಇಲ್ಲಿಗೇ ಕರೆಸಬಾರದೇ ಎಂದು ಸೆಟ್ಟಿ ಕೇಳಿದ. ಅವನನ್ನು ಇಲ್ಲಿರಿಸಿಕೊಳ್ಳಲು ಈ ಒಂದು ಹಿಡಿ ಸಾಲದು, ಅಯ್ಯನಿಗೇ ಅರೆಹೊಟ್ಟೆ ಎಂದ ಹೆಗ್ಗಡೆ. ಸೆಟ್ಟಿ ಒಂದು ಎತ್ತಿನ ಹೇರು ಇಳಿಸಿ, ಮಗುವನ್ನೂ ಅದರ ತಾಯಿಯನ್ನೂ ಕೂರಿಸಿ ವೈದ್ಯನ ಬಳಿಗೆ ಕಳಿಸಿದ. ಆಮೇಲೆ, ಇನ್ನು ಹೇರಿಗೆ ಎರಡು ಹಿಡಿ, ಒಂದು ಅಯ್ಯನಿಗೆ, ಒಂದು ವೈದ್ಯನಿಗೆ ಎಂದ. ವರ್ತಕರು ರೇಗಿದರು. ಕನಿಕರ ಬಂದರೆ ನಿನ್ನ ಗಂಟಿನಿಂದ ಕೊಡು, ನಮ್ಮ ಚೀಲಕ್ಕೆ ಯಾಕೆ ಕೈ ಹಾಕಿಸುತ್ತೀ ಎಂದರು.

“ಕನಿಕರದವನು ಒಂದು ಸಲ ಕೊಟ್ಟು ಹೋಗುತ್ತಾನೆ. ನಾವು ನಾಳೆಯೂ ಇದೇ ದಾರಿಯಲ್ಲಿ ಬರುವವರು,” ಎಂದ ಸೆಟ್ಟಿ.

ಆದರೂ ಯಾರೂ ಒಪ್ಪಲಿಲ್ಲ. ಸಂಜೆಗೆ ಮಳೆ ಬಂದು, ನಿಂತಲ್ಲೇ ನಿಂತ ಎತ್ತುಗಳ ಬೆನ್ನಿನಿಂದ ಉಪ್ಪು ಕರಗಿ ಹರಿಯಿತು. ಸೆಟ್ಟಿಯ ಮಾತಿಗಿಂತ ಅದೇ ಅವರನ್ನು ಒಪ್ಪಿಸಿತು ಎನ್ನುತ್ತಾರೆ. ಕಾಳವ್ವೆ ಬದುಕಿ ಮರಳಿದ ಮೇಲೆ ಅವಳ ಮುಷ್ಟಿಯ ಅಳತೆಗೇ ಚಪ್ಪಡಿಯಲ್ಲಿ ಎರಡು ಕುಳಿ ಕೊರೆಸಿದರು. ಅಳೆಯುವ ಕೆಲಸ ಕಲ್ಲಿಗೆ ಹೋಯಿತು. ಮಕ್ಕಳು ಅಯ್ಯನ ಬಳಿಯೇ ಉಳಿದರು.

ಈಗ ತೆರಿಗೆಯನ್ನು ಬೇರೆ ಕಡೆ ಕಟ್ಟುತ್ತೇವೆ. ಕಟ್ಟುವಾಗ ನಾನೂ ಗೊಣಗುವವನೇ. ಘಟ್ಟ ನೋಡಲು ಬಂದವರು ಆ ಕುಳಿಗಳಲ್ಲಿ ಕೈಯಿಟ್ಟು ನೋಡುತ್ತಾರೆ. ದೊಡ್ಡವರ ಮುಷ್ಟಿ ಎಷ್ಟು ಮುದುಡಿದರೂ ಅಂಚಿನಲ್ಲೇ ನಿಲ್ಲುತ್ತದೆ. ಆಸ್ಪತ್ರೆಗೆ ಬಂದು ಸರದಿ ಕಾಯುವ ಮಕ್ಕಳ ಕೈ ಮಾತ್ರ ಒಳಗೆ ಸರಿಯಾಗಿ ಕೂರುತ್ತದೆ.