ಗೊಣಗುವ ಯಂತ್ರ

"ಗುರುಗಳೇ, ನಮ್ಮದು ನಾಲ್ಕು ತಲೆಮಾರಿನಿಂದ ಹೆಸರಾದ ಮನೆತನ. ಮುತ್ತಜ್ಜ ಊರಿನ ಪಟೇಲರು. ಅಜ್ಜ ಕೋರ್ಟಿನಲ್ಲಿ ಜೂರಿಯಾಗಿ ಕುಳಿತವರು. ನಮ್ಮಲ್ಲಿ ಯಾರೂ ಯಾವತ್ತೂ ಗೊಣಗಿದವರಲ್ಲ. ಹಾಗಿರುವಾಗ, ಗೊಣಗುವವರನ್ನು ನಾನು ತಿದ್ದಿದರೆ ತಪ್ಪೇ?" ಎಂದು ರಾಜೀವಿ ಕೇಳಿದಳು.

ಮಠದ ಅಡುಗೆಮನೆಯ ಉಸ್ತುವಾರಿ ರಾಜೀವಿಯದು. ಅಡುಗೆಯ ತುಂಗಮ್ಮ ಒಲೆಯನ್ನು ಬೈದು, ಬೇಯದ ಬೇಳೆಯನ್ನು ಬೈದು, ಒಮ್ಮೊಮ್ಮೆ ದೇವರನ್ನೂ ಬೈದು, ಬಂದವರಿಗೆಲ್ಲ ರುಚಿಯಾಗಿ ಅಡುಗೆ ಮಾಡಿ ಬಡಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕೆಂದು ರಾಜೀವಿ ಕಟ್ಟಪ್ಪಣೆ ಮಾಡಿದಳು. ತುಂಗಮ್ಮ ಬಾಯಿ ಮುಚ್ಚಿದಳು. ಈ ದಿನ ಬೆಳಿಗ್ಗೆ ಕುದಿಯುವ ಸಾರಿನಲ್ಲೇ ಸೌಟು ಬಿಟ್ಟು, ಗಂಟು ಕಟ್ಟಿಕೊಂಡು, ಸಂಜೆಯ ಬಸ್ಸಿಗೆ ಹೊರಡುವುದೇ ಸೈ ಎಂದು ಜಗಲಿಯಲ್ಲಿ ಕುಳಿತಳು. ಹಸಿದ ಭಕ್ತರೆಲ್ಲ ರಾಜೀವಿಯ ಮುಖ ನೋಡುತ್ತಿದ್ದರು. ರಾಜೀವಿಗೆ ಒಲೆ ಹಚ್ಚಲೂ ಬಾರದು.

ಗುರುಗಳು ಕತೆ ಹೇಳಿದರು.

ಒಬ್ಬ ಗೃಹಿಣಿಯ ಮನೆಗೆ ಲ್ಯಾಪ್‌ಟಾಪ್ ಬಂತು. ಅದರ ಮುಂದೆ ಕುಳಿತು ಆಕೆ ದೂರದೂರಿನ ಹೆಂಗಸರಿಗೆ ಕಸೂತಿ ಕಲಿಸುತ್ತಿದ್ದಳು. ಯಂತ್ರ ಕೆಲಸವನ್ನೇನೋ ಚೆನ್ನಾಗಿ ಮಾಡುತ್ತಿತ್ತು. ಆದರೆ ಮಾಡುವಷ್ಟು ಹೊತ್ತೂ ಗುರ್ರೆನ್ನುತ್ತಿತ್ತು. ಶಿಸ್ತಿನ ಮನೆಗೆ ಇದು ಸಲ್ಲದೆಂದು ಆಕೆ ಸದ್ದು ಬರುವ ಸಂದಿಯ ಅಳತೆ ತೆಗೆದಳು. ಉಣ್ಣೆಬಟ್ಟೆಯ ಪಟ್ಟಿ ಹೊಲಿದು, ಅಂಚಿಗೆ ಬಳ್ಳಿ ಬಿಡಿಸಿ, ಸಂದಿಯಲ್ಲಿ ಬಿಗಿಯಾಗಿ ತುರುಕಿದಳು. ಸದ್ದು ಅಡಗಿತು. ತಾನು ಯಂತ್ರಕ್ಕೂ ಮರ್ಯಾದೆ ಕಲಿಸಿದೆನೆಂದು ಹಿಗ್ಗಿದಳು.

ಮರುದಿನ ಪಾಠದ ನಡುವೆ, ಸೂಜಿ ಎತ್ತಿದ ಕೈ ಎತ್ತಿದಂತೆಯೇ ಇರಲು, ಯಂತ್ರ ಆರಿಹೋಯಿತು. ಮುಟ್ಟಿದರೆ ಕಾದ ಕಾವಲಿ. ಬಿಸಿಲಿನ ದೋಷವೆಂದು ಕಿಟಕಿಯಿಂದ ದೂರವಿಟ್ಟಳು. ಮೇಜಿನ ದೋಷವೆಂದು ಕಲ್ಲಿನ ನೆಲದ ಮೇಲಿಟ್ಟಳು, ನೆಲವೂ ಬೆಚ್ಚಗಾಯಿತು. ಕೊನೆಗೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟಳು. ಹೊರತೆಗೆದಾಗ ತಣ್ಣಗಿತ್ತು. ಹಚ್ಚಿದರೆ ಮತ್ತದೇ ಕಾವಲಿ. ಕಲಿಯುವವರು ಒಬ್ಬೊಬ್ಬರಾಗಿ ಬೇರೆ ಟೀಚರನ್ನು ಹುಡುಕಿಕೊಂಡರು.

ಯಂತ್ರಕ್ಕೆ ಹೊದಿಸಲು ಆಕೆ ಒದ್ದೆ ಬಟ್ಟೆ ಹಿಂಡಿಕೊಂಡು ಬರುವುದನ್ನು ಕಂಡು ಗಂಡ ಕುರ್ಚಿಯಿಂದ ಎದ್ದ. ಚಿಮುಟದಿಂದ ಹಿಡಿದು ಬಳ್ಳಿಯ ಸಮೇತ ಪಟ್ಟಿಯನ್ನು ಎಳೆದು ಹಾಕಿದ. ಒಳಗಿನ ಪುಟ್ಟ ಫ್ಯಾನು ಗುರ್ರೆಂದಿತು. ಅಷ್ಟು ದಿನದ ಬಿಸಿಗಾಳಿಯೆಲ್ಲ ಸಂದಿಯಿಂದ ಹೊರನುಗ್ಗಿತು. ಯಂತ್ರ ತಣ್ಣಗಾಯಿತು.

"ನಿಮಗೆ ಮೊದಲೇ ಗೊತ್ತಿತ್ತೇ?" ಎಂದು ಗೃಹಿಣಿ ಕೇಳಿದಳು.

"ಗೊತ್ತಿತ್ತು."

"ಮತ್ತೆ ಬಾಯಿಬಿಟ್ಟು ಹೇಳುವುದಕ್ಕೇನು?"

"ಗೊಣಗಬೇಡಿ ಅಂತ ಮದುವೆಯಾದ ವರ್ಷವೇ ಹೇಳಿದ್ದೆಯಲ್ಲ ಮಾರಾಯ್ತಿ."

ಕತೆ ಮುಗಿಯಿತು. ರಾಜೀವಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥ ಹೆಂಗಸು, ಗುರುಗಳೇ! ಅಂಥವಳಿಗೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲವೇ?" ಎಂದಳು.

"ತುಂಗಮ್ಮ ಇನ್ನೂ ಬಸ್ಸು ಹತ್ತಿಲ್ಲ; ಹೋಗಿ ಕ್ಷಮೆ ಕೇಳು," ಎಂದರು ಗುರುಗಳು.