ಮುಳ್ಳುಗುಂಡಿನ ಕೂಲಿ

ಒಂದು ರಾಜ್ಯವಿತ್ತಂತೆ. ಅದರ ಹೆಸರು ನಮ್ಮಜ್ಜಿಗೇ ಮರೆತುಹೋಗಿತ್ತು, ನನ್ನನ್ನು ಕೇಳಬೇಡಿ. ಹತ್ತಿರ ಸರಿದು ಕೂತುಕೊಳ್ಳಿ, ನಡುವೆ ಬಾಯಿ ಹಾಕಬೇಡಿ.

ಆ ರಾಜ್ಯದ ರಾಜನಿಗೆ ಒಂದು ಖಯಾಲಿ. ಅರಮನೆಯ ಮುಂದೆ ಹಸಿರು ಹುಲ್ಲುಹಾಸು ಇರಬೇಕು, ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಅದರ ಮೇಲೆ ನಡೆಯಬೇಕು. ರಾಜ ಹಾಕಿಸಿದ ಮೇಲೆ ಸೇನಾಪತಿ ಸುಮ್ಮನಿರುತ್ತಾನೆಯೇ? ಅವನೂ ಹಾಕಿಸಿದ. ಸೇನಾಪತಿ ಹಾಕಿಸಿದ ಮೇಲೆ ಶೆಟ್ಟರು ಸುಮ್ಮನಿರುತ್ತಾರೆಯೇ? ಅವರೂ ಹಾಕಿಸಿದರು. ಹಸುವಿಗೂ ಮೇಯಲು ಬಿಡದ ಹುಲ್ಲು ಊರ ತುಂಬ ಆಯಿತು.

ಹುಲ್ಲು ಬೆಳೆಸಿದರೆ ಮುಗಿಯಿತೇ? ಅದರ ಮೇಲೆ ಜನ ಓಡಾಡಿದರು, ಕುದುರೆ ನಿಂತವು, ಪಲ್ಲಕ್ಕಿ ಇಳಿದವು. ತುಳಿದು ತುಳಿದು ಕೆಳಗಿನ ಮಣ್ಣು ಜಗಲಿಯ ಹಾಗೆ ಗಟ್ಟಿಯಾಯಿತು. ನೀರು ಹೊಯ್ದರೆ ಇಳಿಯದು. ಬೇರಿಗೆ ಗಾಳಿಯಿಲ್ಲ. ಹುಲ್ಲು ಹಳದಿಯಾಗಿ ಸೊರಗುತ್ತಾ ಬಂತು.

ಅಂಥ ನೆಲಕ್ಕೆ ಉಸಿರು ಕೊಡುವ ಕಸುಬು ಮುದ್ದೀರಮ್ಮನದು. ಅವಳ ಗಂಡ ಬೆಟ್ಟಯ್ಯ. ಅವರ ಹತ್ತಿರ ಒಂದು ಮುಳ್ಳುಗುಂಡು ಇತ್ತು. ಅಂದರೆ ಜಾಲಿಮರದ ದಪ್ಪ ದಿಂಡು; ಅದರ ಮೈತುಂಬ ನೂರ ಇಪ್ಪತ್ತು ಕಬ್ಬಿಣದ ಮುಳ್ಳು, ಒಂದೊಂದು ನಾಲ್ಕು ಬೆರಳು ಉದ್ದ. ಗಂಡ ಹಗ್ಗವನ್ನು ಹೆಗಲಿಗೆ ಹಾಕಿ ಮುಂದೆ ಎಳೆಯುತ್ತಿದ್ದ, ಹೆಂಡತಿ ಹಿಂದಿನಿಂದ ನೂಕುತ್ತಿದ್ದಳು. ಗುಂಡು ಉರುಳಿದ ಕಡೆಯೆಲ್ಲ ನೆಲಕ್ಕೆ ತೂತು ಬೀಳುತ್ತಿತ್ತು. ಆ ತೂತಿನಲ್ಲಿ ಗಾಳಿ ಇಳಿದು, ನೀರು ಇಳಿದು, ಹತ್ತು ದಿನಕ್ಕೆ ಹುಲ್ಲು ಕತ್ತೆತ್ತುತ್ತಿತ್ತು. ಆ ಗುಂಡೇ ಅವರ ಅನ್ನ. ಅದು ಹೋದರೆ ಬೇರೆ ಕಸುಬು ಇಬ್ಬರಿಗೂ ಗೊತ್ತಿರಲಿಲ್ಲ.

ಕೆಲಸದಲ್ಲಿ ಮುದ್ದೀರಮ್ಮ ಗಟ್ಟಿ. ಒಂದೇ ಒಂದು ಮಾತಿಗೆ ಮಾತ್ರ ಅವಳ ಜೀವ ಹಾರುತ್ತಿತ್ತು. “ಎಷ್ಟು ಕೊಡಬೇಕಮ್ಮ?” ಇಷ್ಟು ಕೇಳಿದರೆ ಸಾಕು, ಹೇಳಬೇಕಾದ ಲೆಕ್ಕವೆಲ್ಲ ಮರೆತುಹೋಗುತ್ತಿತ್ತು. ಹೆಚ್ಚು ಹೇಳಿದರೆ ಆಸೆಬುರುಕಿ ಅನ್ನುತ್ತಾರೆ. ಕಡಿಮೆ ಹೇಳಿದರೆ ಹೊಟ್ಟೆಗಿಲ್ಲ. ಬೇಡ ಹೋಗು ಅಂದುಬಿಟ್ಟರೆ? ಬಡಗಿ ತಾನು ಮಾಡಿದ ಬಾಗಿಲು ತೋರಿಸುತ್ತಾನೆ, ಕುಂಬಾರ ಮಡಕೆ ತೋರಿಸುತ್ತಾನೆ. ಇವಳು ಏನು ತೋರಿಸಬೇಕು? ತೂತು. ಅದಕ್ಕೇ ತಲೆ ತಗ್ಗಿಸಿ ಅಂದುಬಿಡುತ್ತಿದ್ದಳು, “ತಮಗೆ ತಿಳಿದಷ್ಟು ಕೊಡಿ ಬುದ್ಧಿ.”

ತಿಳಿದಷ್ಟು ಕೊಡಿ ಅಂದರೆ ಜನ ಎಷ್ಟು ಕೊಡುತ್ತಾರೆ, ಕೇಳಿ.

ಮೊದಲು ಶೆಟ್ಟರ ಮನೆ. ಮೂರು ದಿನ ಎಳೆದರು. ಶೆಟ್ಟರು ಬಂದು ಬಗ್ಗಿ ನೆಲ ನೋಡಿ, “ತೂತಿಗೂ ದುಡ್ಡಾ? ನೀನೇನು ತಂದು ಹಾಕಿದೆಯಮ್ಮ ಇಲ್ಲಿ?” ಅಂದರು. ಒಂದು ಹಣ ಕೊಟ್ಟು, ಮೇಲೊಂದು ತೆಂಗಿನಕಾಯಿ ಇಟ್ಟರು. ಮನೆಗೆ ಹೋಗಿ ಒಡೆದರೆ ಕಾಯಿ ಕೊಳೆತಿತ್ತು.

ಆಮೇಲೆ ಸೇನಾಪತಿಯ ಮನೆ. ಅಲ್ಲಿ ಕುದುರೆ ತುಳಿದ ನೆಲ. ನಾಲ್ಕು ದಿನ ಎಳೆದರು. ನಾಲ್ಕು ಬೆರಳಿದ್ದ ಮುಳ್ಳು ಸವೆದು ಎರಡು ಬೆರಳಾಯಿತು. “ಎಷ್ಟು?” ಅಂದ ಸೇನಾಪತಿ. “ತಮಗೆ ತಿಳಿದಷ್ಟು ಬುದ್ಧಿ.” ಅವನಿಗೆ ತಿಳಿದದ್ದು ಅರ್ಧ ಹಣ ಮತ್ತು ಒಂದು ಹಳೇ ರುಮಾಲು. ನಿನ್ನ ಗಂಡನಿಗೆ ಒಪ್ಪುತ್ತೆ ಅಂತ ಬೇರೆ ಅಂದ.

ಮುಳ್ಳು ಸವೆದರೆ ಗುಂಡು ಬರೀ ಮರದ ದಿಂಡು. ಮುದ್ದೀರಮ್ಮ ಅದನ್ನು ಕಮ್ಮಾರ ಲಿಂಗಾಚಾರಿಯ ಕುಲುಮೆಗೆ ಉರುಳಿಸಿಕೊಂಡು ಹೋದಳು.

“ಆಚಾರ್ರೆ, ಮುಳ್ಳೆಲ್ಲ ಹೊಸದು ಹಾಕಿಸಬೇಕು. ಎಷ್ಟಾಗುತ್ತೆ?”

“ಮುಳ್ಳಿಗೆ ಅರ್ಧ ಹಣ. ನೂರ ಇಪ್ಪತ್ತಕ್ಕೆ ಆರು ವರಹ,” ಅಂದ ಆಚಾರಿ, ತಿದಿ ಒತ್ತುವುದನ್ನೂ ನಿಲ್ಲಿಸದೆ. ಹತ್ತು ಹಣಕ್ಕೆ ಒಂದು ವರಹ, ಲೆಕ್ಕ ತಿಳಿಯಿತಲ್ಲ.

“ಅಷ್ಟು ನೆಟ್ಟಗೆ ಹೇಗೆ ಹೇಳ್ತೀರಿ? ಹೆದರಿಕೆ ಆಗಲ್ವಾ?”

“ನಾನು ಇದ್ದಿಲಿಗೆ ದುಡ್ಡು ಕೊಡಬೇಕಲ್ಲವ್ವ. ಹೆದರಿಕೊಂಡು ಕೂತರೆ ಇದ್ದಿಲು ಬಿಟ್ಟಿ ಬರುತ್ತಾ?”

ಅವಳ ಸೆರಗಿನ ಗಂಟಿನಲ್ಲಿ ಇದ್ದದ್ದು ಒಂದೂವರೆ ಹಣ. ಗುಂಡನ್ನು ಹಾಗೆಯೇ ವಾಪಸು ಉರುಳಿಸಿಕೊಂಡು ಬಂದಳು.

ಅಷ್ಟರಲ್ಲಿ ಅರಮನೆಯ ಹುಲ್ಲೂ ಹಳದಿಯಾಯಿತು. ಇಪ್ಪತ್ತು ದಿನಕ್ಕೆ ಯುವರಾಜನ ನಾಮಕರಣ. ದೇಶದೇಶದ ರಾಜರು ಬಂದು ಆ ಹುಲ್ಲಿನ ಮೇಲೆ ಕೂರುವವರು. ರಾಜ ತೋಟದ ಪಾರುಪತ್ಯಗಾರ ತಿಮ್ಮರಾಜನನ್ನು ಕರೆದು ಹೇಳಿದ, “ಒಂಬತ್ತು ದಿನದಲ್ಲಿ ಈ ನೆಲಕ್ಕೆ ಗುಂಡು ಎಳೆಸು. ಬೊಕ್ಕಸದಲ್ಲಿ ಅರವತ್ತು ವರಹ ತೆಗೆದಿಟ್ಟಿದ್ದೇನೆ. ಖರ್ಚಾಗಿ ಉಳಿದದ್ದರಲ್ಲಿ ಅರ್ಧ ನಿನಗೆ ಉಡುಗೊರೆ.” ಅರ್ಧ ನಿನಗೆ ಅಂದದ್ದೇ ತಡ, ತಿಮ್ಮರಾಜನ ಮೂಗು ಅರಳಿತು. ಮುದ್ದೀರಮ್ಮನಿಗೆ ಹೇಳಿಕಳಿಸಿದ.

ಗಂಡ ಹೆಂಡತಿ ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಇಪ್ಪತ್ತು ವರಹಕ್ಕಿಂತ ಕಡಿಮೆಗೆ ಆಗುವ ಮಾತೇ ಇರಲಿಲ್ಲ. ಬೆಟ್ಟಯ್ಯ ಒಂದೊಂದು ಮರದ ಹತ್ತಿರ ಅವಳನ್ನು ನಿಲ್ಲಿಸಿ, “ಎಷ್ಟು?” ಅಂತ ಕೇಳಿದ. ಹುಣಸೇಮರಕ್ಕೆ ಇಪ್ಪತ್ತು ವರಹ ಅಂದಳು. ಹೊಂಗೆಮರಕ್ಕೆ ಇಪ್ಪತ್ತು ವರಹ ಅಂದಳು. ಅರಮನೆ ಬಾಗಿಲ ಬೇವಿನಮರಕ್ಕೂ ಅಂದಳು. ಮರಗಳಿಗೆ ಹೇಳುವಾಗ ಚೆನ್ನಾಗಿಯೇ ಬಂತು.

ತಿಮ್ಮರಾಜ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ. “ಎಷ್ಟು ಕೇಳ್ತೀಯಮ್ಮ? ನೋಡಿಕೊಂಡು ಹೇಳು. ಸೇನಾಪತಿಗಳ ಮನೇಲಿ ನೀನು ಎಷ್ಟು ತಗೊಂಡೆ ಅಂತ ನನಗೆ ಗೊತ್ತು.”

ಮುದ್ದೀರಮ್ಮ ಬಾಯಿ ತೆರೆದಳು. ಗಂಟಲಲ್ಲಿದ್ದ ಇಪ್ಪತ್ತು ಅಲ್ಲೇ ಇಂಗಿಹೋಯಿತು. ಅರಮನೆಯವರು ಸಿಟ್ಟಾದರೆ ಊರಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ತನ್ನ ಬಾಯಿಂದ ಹೊರಟದ್ದು ತನ್ನ ಕಿವಿಗೇ ಕೇಳಿಸಿತು, “ತಮಗೆ ತಿಳಿದಷ್ಟು ಬುದ್ಧಿ.”

ತಿಮ್ಮರಾಜ ಕಾಗದ ಬರೆದ. ಅರಮನೆಯ ಹುಲ್ಲುಹಾಸು ಪೂರ್ತಿ, ಮೂರು ಹಣ, ಒಂಬತ್ತು ದಿನ. ಮುಗಿಯದಿದ್ದರೆ ಮುಳ್ಳುಗುಂಡು ಅರಮನೆಯ ಉಗ್ರಾಣಕ್ಕೆ. ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಮೂರು ಹಣ ಅವಳ ಕೈಗೆ ಹಾಕಿದ. ಬೆಟ್ಟಯ್ಯ ಬೈಯಲಿಲ್ಲ, ಸುಮ್ಮನೆ ಹಗ್ಗ ಹೆಗಲಿಗೆ ಹಾಕಿಕೊಂಡ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅರಮನೆಯ ನೆಲ ಆನೆ ತುಳಿದ ನೆಲ. ಮೂರನೇ ದಿನಕ್ಕೆ ಮುಳ್ಳು ಒಂದು ಬೆರಳಾಯಿತು. ಐದನೇ ದಿನಕ್ಕೆ ಅರ್ಧ ಬೆರಳಾಯಿತು. ಏಳನೇ ದಿನಕ್ಕೆ ಮುಳ್ಳೇ ಇಲ್ಲ, ಬರೀ ಮೊಂಡು ಬೊಕ್ಕೆ. ಗುಂಡು ಉರುಳುತ್ತದೆ, ನೆಲಕ್ಕೆ ತೂತಿಲ್ಲ. ಇನ್ನೂ ಅರ್ಧ ನೆಲ ಬಾಕಿ. ಬೆಟ್ಟಯ್ಯನ ಹೆಗಲಿನ ಚರ್ಮ ಕಿತ್ತು ಅಂಗಿಗೆ ಅಂಟಿಕೊಂಡಿತ್ತು. ಮುದ್ದೀರಮ್ಮ ಕಲ್ಲಿನಲ್ಲಿ ಒಂದೊಂದೇ ಬೊಕ್ಕೆಯನ್ನು ಚೂಪು ಮಾಡಲು ಉಜ್ಜುತ್ತಾ ಕೂತಳು. ಇನ್ನೆರಡೇ ದಿನ. ಗುಂಡು ಹೋಗುತ್ತದೆ. ಗುಂಡು ಹೋದರೆ ಎಲ್ಲಿಗೆ ಹೋಗುವುದು, ಏನು ತಿನ್ನುವುದು? ಬೇರೆ ಯೋಚನೆಯೇ ಅವಳ ತಲೆಗೆ ಹತ್ತುತ್ತಿರಲಿಲ್ಲ.

ಆಗ ರಾಜನೇ ನೆಲ ನೋಡಲು ಬಂದ. ಹಿಂದೆ ತಿಮ್ಮರಾಜ, ಅವನ ಹಿಂದೆ ಆಳುಗಳು.

“ಕೆಲಸ ಯಾಕೆ ನಿಂತಿದೆ?” ಅಂದ ರಾಜ.

“ಸೋಮಾರಿತನ ಮಹಾಸ್ವಾಮಿ,” ಅಂದ ತಿಮ್ಮರಾಜ. “ಕೂಲಿ ಮುಂಗಡವಾಗಿಯೇ ಕೊಟ್ಟಿದ್ದೇನೆ. ಬೊಕ್ಕಸದ ಅರವತ್ತು ವರಹ ಮುಟ್ಟದೆ, ಬರೀ ಮೂರು ಹಣದಲ್ಲಿ ಒಪ್ಪಿಸಿದ್ದೇನೆ.”

“ಇಷ್ಟು ನೆಲಕ್ಕೆ ಮೂರೇ ಹಣವೇ?”

“ಅದೇ ಜಾಸ್ತಿ ಮಹಾಸ್ವಾಮಿ. ನೆಲಕ್ಕೆ ತೂತು ಹಾಕೋದು ತಾನೆ, ಇದಕ್ಕೇನು ವಿದ್ಯೆ ಬೇಕೇ? ನಾನಾಗಿದ್ದರೆ ಎರಡು ದಿನದಲ್ಲಿ ಮುಗಿಸಿ ಬಿಸಾಕುತ್ತಿದ್ದೆ.”

ರಾಜ ಮುದ್ದೀರಮ್ಮನ ಕಡೆ ತಿರುಗಿ, ಮೂರು ಹಣಕ್ಕೆ ಒಪ್ಪಿದ್ದು ನಿಜವೇ ಅಂತ ಕೇಳಿದ. ನಿಜ ಅಂದಳು. ಹಾಗಾದರೆ ಮುಗಿಸಬೇಕಮ್ಮ, ಕಾಗದದ ಮಾತು ಕಾಗದದ ಮಾತೇ ಅಂದ ರಾಜ.

ಇನ್ನೇನು ಉಳಿಯಿತು? ಹೆದರಿಕೆ ಅವಳ ಕುತ್ತಿಗೆಯವರೆಗೆ ಬಂದಿತ್ತು. ಆದರೆ ಗಂಡನ ಹೆಗಲು ಕಣ್ಣಿಗೆ ಬಿತ್ತು, ‘ಅದೇ ಜಾಸ್ತಿ’ ಅಂದ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಸೆರಗಿನ ಗಂಟು ಬಿಚ್ಚಿದಳು. ನೆಲ ನೋಡುತ್ತಲೇ ತಿಮ್ಮರಾಜನಿಗೆ ಹೇಳಿದಳು.

“ಬುದ್ಧಿ, ಪೂರ್ತಿ ನೆಲಕ್ಕೆ ಮೂರು ಹಣವೇ ಜಾಸ್ತಿ ಅಂದ್ರಿ. ಈಗ ಉಳಿದಿರೋದು ಅರ್ಧ. ಆ ಅರ್ಧಕ್ಕೇ ಪೂರಾ ಮೂರು ಹಣ ನಾನು ಕೊಡ್ತೀನಿ. ತಾವು ಎಳೆದುಕೊಡಿ. ಎರಡು ದಿನ ಇದೆ, ತಮಗೆ ಬೇಕಾದಷ್ಟಾಯ್ತು.”

ಆಳುಗಳೆಲ್ಲ ಕೆಮ್ಮಿದರು. ರಾಜನ ಮೀಸೆ ಅಲುಗಿತು. “ನಿನ್ನ ಬಾಯಲ್ಲೇ ಬಂದ ಲೆಕ್ಕ ತಿಮ್ಮರಾಜ. ಅವಳು ನಿನಗೆ ಎರಡರಷ್ಟು ಕೊಡುತ್ತಿದ್ದಾಳೆ. ತಗೋ.”

ರಾಜನ ಎದುರು ಇಲ್ಲ ಅನ್ನುವುದು ಹೇಗೆ? ತಗೊಂಡ.

“ಈ ಮುಳ್ಳು ಸವೆದಿದೆಯಲ್ಲ, ಇದರಲ್ಲಿ ಎಳೆಯೋದು ಹೇಗೆ?” ಅಂದ ತಿಮ್ಮರಾಜ.

“ಕೆಲಸ ಈಗ ತಮ್ಮದು ಬುದ್ಧಿ. ಮುಳ್ಳೂ ತಮ್ಮದೇ.”

ಲಿಂಗಾಚಾರಿ ಬಂದ. ಆರು ವರಹ ಅಂದ. ಮೂರು ಹಣದ ಕೆಲಸಕ್ಕೆ ಆರು ವರಹದ ಮುಳ್ಳೇ ಅಂತ ತಿಮ್ಮರಾಜ ಕೂಗಾಡಿದ. ಕೆಲಸದ ಬೆಲೆ ನೀವು ಕಟ್ಟಿಕೊಳ್ಳಿ ಸ್ವಾಮಿ, ಮುಳ್ಳಿನ ಬೆಲೆ ನಂದು ಅಂದ ಆಚಾರಿ. ತಿಮ್ಮರಾಜ ತನ್ನ ಚೀಲದಿಂದಲೇ ಎಣಿಸಿದ.

ಮರುದಿನ ಬೆಳಿಗ್ಗೆ ಹೊಸ ಮುಳ್ಳಿನ ಗುಂಡು ಬಂತು. “ಎಳೆಯಲು ಆಳು ಇಟ್ಟುಕೊಳ್ಳಬಹುದು ತಾನೆ?” ಅಂದ ತಿಮ್ಮರಾಜ. “ಇಟ್ಟುಕೊಳ್ಳಿ ಬುದ್ಧಿ, ಮೂರು ಹಣದೊಳಗೆ,” ಅಂದಳು ಮುದ್ದೀರಮ್ಮ. ತಿಮ್ಮರಾಜ ಆಳುಗಳ ಮುಖ ನೋಡಿದ. ಒಬ್ಬ ಆಕಾಶ ನೋಡಿದ, ಒಬ್ಬ ಕಾಲ್ಬೆರಳು ನೋಡಿಕೊಂಡ, ಒಬ್ಬನಿಗೆ ಹೊಟ್ಟೆನೋವು ಬಂತು.

ಕೊನೆಗೆ ತಾನೇ ಹಗ್ಗ ಹಾಕಿಕೊಂಡ. ಹಿಂದಿನಿಂದ ಮುದ್ದೀರಮ್ಮ ನೂಕಿದಳು. ಒಂದು ಸುತ್ತಿಗೆ ಜರಿ ಪೇಟ ಕೆಳಗೆ ಬಿತ್ತು. ಎರಡನೇ ಸುತ್ತಿಗೆ ಬಾಯಿಂದ ನೊರೆ ಬಂತು. ಮೂರನೇ ಸುತ್ತು ಅರ್ಧಕ್ಕೆ ಹೋಗಿರಲಿಲ್ಲ, ಹುಲ್ಲಿನ ಮೇಲೆ ಕುಕ್ಕರಿಸಿ ಹೆಗಲು ಹಿಡಿದುಕೊಂಡ.

ರಾಜ ಹತ್ತಿರ ಬಂದು ಕೇಳಿದ, “ಉಳಿದದ್ದು ಮುಗಿಸಲು ಎಷ್ಟು ಕೊಡಲಿ ತಿಮ್ಮರಾಜ?”

“ಐವತ್ತು ವರಹ ಕೊಟ್ಟರೂ ನನ್ನ ಕೈಲಾಗದು ಮಹಾಸ್ವಾಮಿ,” ಅಂದುಬಿಟ್ಟ.

“ಮೂರು ಹಣದ ಕೆಲಸ ನಿನ್ನ ಬಾಯಲ್ಲೇ ಐವತ್ತು ವರಹ ದಾಟಿತಲ್ಲ,” ಅಂದ ರಾಜ. ಹೆಬ್ಬೆಟ್ಟು ಒತ್ತಿಸಿದ ಆ ಕಾಗದ ತರಿಸಿ ಹರಿದು ಹಾಕಿದ. ಆಮೇಲೆ ಮುದ್ದೀರಮ್ಮನ ಕಡೆ ತಿರುಗಿದ. “ಈಗ ನೀನು ಹೇಳಮ್ಮ. ಎಷ್ಟು ಕೊಡಬೇಕು?”

ಅದೇ ಮಾತು. ಅದೇ ಹೆದರಿಕೆ. ತಮಗೆ ತಿಳಿದಷ್ಟು ಅನ್ನುವುದು ತುಟಿಯವರೆಗೆ ಬಂದು ನಿಂತಿತು. ಅದನ್ನು ಕಷ್ಟಪಟ್ಟು ನುಂಗಿದಳು.

ಒಂದು ಸಲ ಹೇಳಿದಳು, ಬರೀ ಉಸಿರು ಬಂತು. ಕೇಳಿಸಲಿಲ್ಲ ಅಂದ ರಾಜ. ಎರಡನೇ ಸಲ ಹೇಳಿದಳು, ದನಿ ನಡುವೆ ಒಡೆಯಿತು. ಜೋರಾಗಿ ಹೇಳಮ್ಮ ಅಂದ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಹೇಳಿದಳು.

“ಇಪ್ಪತ್ತು ವರಹ ಮಹಾಸ್ವಾಮಿ. ಮುಳ್ಳು ಇಲ್ಲಿ ಮತ್ತೆ ಸವೆಯುತ್ತೆ, ಅದಕ್ಕೆ ಆರು. ಕೆಲಸ ಮಾಡೋ ದಿನದ ಹೊಟ್ಟೆಗೆ ನಾಲ್ಕು. ಮಳೆಗಾಲದಲ್ಲಿ ನಮ್ಮನ್ನ ಯಾರೂ ಕರೆಯಲ್ಲ, ಅದಕ್ಕೆ ಐದು. ಉಳಿದ ಐದು ನಮ್ಮಿಬ್ಬರ ಮೈಕೈಗೆ.”

ಹೇಳಿ ಕಣ್ಣು ಬಿಟ್ಟಳು. ಆಕಾಶ ಕಳಚಿ ಬಿದ್ದಿರಲಿಲ್ಲ. ಯಾರೂ ಅವಳನ್ನು ಆಸೆಬುರುಕಿ ಅನ್ನಲಿಲ್ಲ. “ಇಪ್ಪತ್ತು ವರಹ ಕೊಡಿ,” ಅಂದ ರಾಜ. ತಿಮ್ಮರಾಜನಿಗೆ ಉಡುಗೊರೆ ಇಲ್ಲ ಅಂದ; ಮುಳ್ಳಿಗೆ ಕೊಟ್ಟ ಆರು ವರಹ ಅವನು ಆಡಿದ ಮಾತಿಗೆ ದಂಡ ಅಂದ. ಬೆಟ್ಟಯ್ಯನ ಹೆಗಲಿಗೆ ಎಣ್ಣೆ ತರಿಸಿದ.

ಹೊಸ ಮುಳ್ಳಿನ ಗುಂಡು ಒಂಬತ್ತನೇ ದಿನ ಸಂಜೆಗೆ ಕೆಲಸ ಮುಗಿಸಿತು. ನಾಮಕರಣದ ಹೊತ್ತಿಗೆ ಹುಲ್ಲು ಹಸಿರಾಗಿತ್ತು.

ಅವಳ ಹೆದರಿಕೆ ಹೋಯಿತಾ ಅಂತ ಕೇಳುತ್ತೀರಿ. ಹೋಗಲಿಲ್ಲ. ಆಮೇಲೂ ಬೆಲೆ ಹೇಳುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಮುಚ್ಚಿಕೊಂಡೇ ಹೇಳುತ್ತಿದ್ದಳು. ಮೊದಲು ನೆಲ ಒತ್ತಿ ನೋಡುತ್ತಿದ್ದಳು, ಗುಂಡಿಗೆ ಕೈ ಹಚ್ಚುವ ಮುಂಚೆಯೇ ಇಷ್ಟು ಅನ್ನುತ್ತಿದ್ದಳು. ಬೇಡ ಅಂದವರ ಮನೆಯಿಂದ ವಾಪಸು ಬರುತ್ತಿದ್ದಳು, ಬರುವಾಗ ಒಂದೊಂದು ಸಲ ಅಳುವೂ ಬರುತ್ತಿತ್ತು. ಆದರೆ ಹಸಿದು ಎಳೆಯುವ ಗತಿ ಮತ್ತೆ ಬರಲಿಲ್ಲ.

ಮಕ್ಕಳೇ, ನೀತಿ ಇಷ್ಟು. ಕೆಲಸಕ್ಕೆ ಕೈ ಹಚ್ಚುವ ಮೊದಲು ನಿಮ್ಮ ಬೆಲೆ ನೀವೇ ಹೇಳಿ. ನೀವು ಹೇಳದಿದ್ದರೆ ನಿಮ್ಮನ್ನು ಬರಿಗೈ ಮಾಡುವವನು ಹೇಳುತ್ತಾನೆ. ಇನ್ನೊಬ್ಬರ ದುಡಿಮೆಗೆ ಬೆಲೆ ಕಟ್ಟುವ ಮುಂಚೆ ಒಂದು ಸುತ್ತು ನೀವೂ ಎಳೆದು ನೋಡಿ. ಹೆದರಿಕೆ ಹೋದ ಮೇಲೆ ಹೇಳೋಣ ಅಂತ ಕಾಯಬೇಡಿ, ಅದು ಹೋಗುವುದಿಲ್ಲ. ಹೆದರಿಕೊಂಡೇ ಹೇಳಿ.