ನೇಕಾರ ಬಿಡಿಸಿದ ಸಿಕ್ಕು

“ಅಜ್ಜಾರ, ಬಾಗಲಾ ಹಾಕ್ಕೊಂಡು ಕುಂತಾವನ್ನ ಹೊರಗ ಕರ್ಕೊಂಡು ಬರೂದು ತಪ್ಪೇನ್ರಿ?” ಎಂದು ಮರುಳಸಿದ್ಧ ಕೇಳಿದ.

ಮಠದ ಗುರುಗಳು ಜಗಲಿಯ ಮೇಲೆ ಕೂತಿದ್ದರು. ಅವರ ಹಿರಿಯ ಶಿಷ್ಯನಾದ ಮರುಳಸಿದ್ಧನ ಕೈಯಲ್ಲಿ ಕಬ್ಬಿಣದ ಹಾರೆ ಇತ್ತು. ಹಾರೆ ಹಿಡಿದುಕೊಂಡು ಬಂದವನು ಉತ್ತರವನ್ನು ಆಗಲೇ ನಿಶ್ಚಯ ಮಾಡಿಕೊಂಡಿರುತ್ತಾನೆ. ಆದರೂ ಕೇಳಿದ. ಹೂಂ ಎನ್ನಿಸಿಕೊಂಡು ಹೋದರೆ ಮುಂದೆ ಏನಾದರೂ ತನ್ನ ತಲೆಗೆ ಬರುವುದಿಲ್ಲವಲ್ಲ!

ಬಾಗಿಲು ಹಾಕಿಕೊಂಡವನು ಕಿರಿಯ ಶಿಷ್ಯ ಚನ್ನವೀರ. ಅವನ ಪ್ರವಚನ ಎಂದರೆ ಸುತ್ತಲಿನ ಊರುಗಳ ಜನ ಕೆಲಸ ಬಿಟ್ಟು ಬರುತ್ತಿದ್ದರು. ಒಂದು ಸಂಜೆ ಅವನು ಮಾತಿನ ನಡುವೆ ನಿಂತುಬಿಟ್ಟ. ನಾನು ಹೇಳುತ್ತಿರುವುದು ನನಗೇ ಹಳಸಲು ಅನ್ನಿಸುತ್ತಿದೆ ಎಂದು ಕೈಮುಗಿದು ಇಳಿದವನು ಕೋಣೆ ಸೇರಿದ. ಕಿಟಕಿಯಲ್ಲಿಟ್ಟ ಗಂಜಿ ಕುಡಿಯುತ್ತಾನೆ, ಕರೆದರೆ ಓಗೊಡುತ್ತಾನೆ. “ಚಲೋ ಅದೀನಿ ಅಣ್ಣಾ, ಇನ್ನಷ್ಟು ದಿನ ಬಿಡು” ಎನ್ನುತ್ತಾನೆ. ಹೊರಗೆ ಮಾತ್ರ ಬರುವುದಿಲ್ಲ.

ಮರುಳಸಿದ್ಧ ಗುರುಗಳ ಮುಂದೆ ಇಷ್ಟನ್ನು ಹೇಳಿದ. ಹುಡುಗ ಸೊರಗಿದ್ದಾನೆ, ಹೀಗೇ ಬಿಟ್ಟರೆ ಕೆಡುತ್ತಾನೆ, ನನಗೆ ಊಟ ಸೇರುತ್ತಿಲ್ಲ ಎಂದ. ಅದು ಸುಳ್ಳಲ್ಲ. ಆದರೆ ನಾಳೆ ಚನ್ನವೀರ ಮಾತಾಡುತ್ತಾನೆಂದು ತಾನೇ ಮೂರೂರಿಗೆ ಹೇಳಿ ಕಳಿಸಿದ್ದನ್ನು, ಬೆಳಗಾದರೆ ಕೆರೆಯ ದಂಡೆಯಲ್ಲಿ ಜನ ಸೇರುತ್ತಾರೆ ಎಂಬುದನ್ನು ನುಂಗಿಕೊಂಡ. 

“ಕುಂದರಪಾ” ಎಂದರು ಗುರುಗಳು. ಅವನು ಕೂತ. ಹಾರೆಯನ್ನು ಕೆಳಗಿಡಲಿಲ್ಲ. ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಎಂಥ ಸಿಕ್ಕಾದ ನೂಲನ್ನೂ ಒಂದೆಳೆ ಹರಿಯದಂತೆ ಬಿಡಿಸುವುದರಲ್ಲಿ ಅವನದು ಎತ್ತಿದ ಕೈ. ಅಕ್ಕಪಕ್ಕದವರು ಕೈಚೆಲ್ಲಿದ ನೂಲಿನ ಲಡಿಗಳೆಲ್ಲ ಕೊನೆಗೆ ಅವನ ಮನೆಗೇ ಬರುತ್ತಿದ್ದವು. ಅವನಿಗೂ ಅದೇ ಹೆಮ್ಮೆ. ಸಿಕ್ಕು ಕಣ್ಣಿಗೆ ಬಿದ್ದರೆ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಯನ್ನು ರಿಪೇರಿ ಮಾಡುವಾಗ ಮಣ್ಣಿನೊಳಗಿಂದ ಒಂದು ಜೇಡ ಹೊರಬಂತು. ಅಂಗೈಯಗಲದ್ದು, ಮೈಯೆಲ್ಲ ರೋಮ. ಆ ಓಣಿಯ ನೇಕಾರರು ಜೇಡವನ್ನು ಕೊಲ್ಲುವುದಿಲ್ಲ. ಅದೂ ನೇಯುವ ಕುಲದ್ದೇ, ನಮಗಿಂತ ಹಿರಿಯದು ಎನ್ನುತ್ತಾರೆ. ನೇಕಾರ ಅದನ್ನು ಅಗಲ ಬಾಯಿಯ ಗಡಿಗೆಯಲ್ಲಿ ಮಣ್ಣು ತುಂಬಿ ಬಿಟ್ಟ. ಮೇಲೆ ತೆಳುವಾದ ಬಟ್ಟೆ ಕಟ್ಟಿದ. ಜೇಡ ಬಿಲ ತೋಡಿಕೊಂಡಿತು. ಜಿರಳೆ ಹಾಕಿದರೆ ಮಿಂಚಿನ ಹಾಗೆ ಬಂದು ಹಿಡಿಯುತ್ತಿತ್ತು. ಜನ ನೋಡಲು ಬರತೊಡಗಿದರು. ಸೀರೆ ಕೊಳ್ಳುವ ಒಬ್ಬ ವ್ಯಾಪಾರಿ, ಸೋಮವಾರ ನಮ್ಮ ಬೀಗರನ್ನು ಕರೆತರುತ್ತೇನೆ, ತೋರಿಸಬೇಕು ಎಂದ. ಅದಕ್ಕೇನು, ಧಾರಾಳವಾಗಿ ಬನ್ನಿ ಎಂದ ನೇಕಾರ.

ಅಷ್ಟರಲ್ಲಿ ಜೇಡ ತಿನ್ನುವುದನ್ನು ಬಿಟ್ಟಿತು. ಜಿರಳೆ ಕಾಲ ಮೇಲೇ ಹತ್ತಿ ಹೋದರೂ ಹಿಂದೆ ಸರಿಯಿತು. ಮೈಬಣ್ಣ ಮಸುಕಾಯಿತು. ಬಿಲದೊಳಗೆ ಇಳಿದು ಬಾಯಿಗೆ ಒಳಗಿನಿಂದ ಬಲೆ ನೇಯ್ದು ಮುಚ್ಚಿಕೊಂಡಿತು. ನೇಕಾರ ಗಾಬರಿಯಾದ. ಗಡಿಗೆಯನ್ನು ತಟ್ಟಿದ. ಬಿಸಿಲಿಗೆ ಸರಿಸಿದ, ನೆರಳಿಗೆ ಸರಿಸಿದ. ಇನ್ನೂ ದಪ್ಪನೆಯ ಜಿರಳೆ ಹುಡುಕಿ ತಂದು ಹಾಕಿದ. ಬಲೆ ಅಲುಗಾಡಲಿಲ್ಲ.

ಅದು ಪೊರೆ ಬಿಡುವ ಕಾಲವೆಂದು ಅವನಿಗೆ ತಿಳಿದಿರಲಿಲ್ಲ. ಹಾವು ಪೊರೆ ಬಿಡುವುದನ್ನು ಎಲ್ಲರೂ ಬಲ್ಲರು. ಜೇಡವೂ ಬಿಡುತ್ತದೆ. ಬೆಳೆಯುವ ಮೈಗೆ ಹಳೆಯ ತೊಗಲು ಸಾಲದಾಗುತ್ತದೆ. ಆಗ ಅದು ಉಣಿಸು ಬಿಟ್ಟು ಅಡಗುತ್ತದೆ. ನೂಲಿನ ಹಾಸಿಗೆ ನೇಯ್ದುಕೊಂಡು, ಅದರ ಮೇಲೆ ಅಂಗಾತ ಮಲಗಿ, ತೋಯ್ದ ಅಂಗಿಯ ತೋಳಿನಿಂದ ಕೈ ತೆಗೆಯುವ ಹಾಗೆ ಒಂದೊಂದೇ ಕಾಲನ್ನು ಎಳೆದುಕೊಳ್ಳುತ್ತದೆ. ಹೊಸ ಮೈ ಆಗ ಬೆಣ್ಣೆಯಷ್ಟು ಮೆತ್ತಗೆ. ಹಲ್ಲು ಕೂಡ ಮೆತ್ತಗೆ. ಜಿರಳೆ ಕಚ್ಚಿದರೂ ತಡೆಯುವ ಶಕ್ತಿ ಅದಕ್ಕಿರುವುದಿಲ್ಲ. ಹಾಕಿದ ಹುಳವನ್ನು ತೆಗೆದು, ಬಟ್ಟಲಲ್ಲಿ ನೀರಿಟ್ಟು, ಗಡಿಗೆಯನ್ನು ಅಲುಗಾಡಿಸದೆ ಇದ್ದರೆ ಅಷ್ಟೇ ಸಾಕಿತ್ತು.

ಸೋಮವಾರ ಬಂತು. ಬೀಗರು ಊರಿಗೆ ಬಂದಿಳಿದಿದ್ದಾರೆ, ಊಟ ಮುಗಿಸಿ ಬರುತ್ತಾರೆ ಎಂದು ಸುದ್ದಿಯೂ ಬಂತು. ನೇಕಾರ ಗಡಿಗೆಯ ಬಟ್ಟೆ ಬಿಚ್ಚಿದ. ಬಿಲದ ಬಾಯಿಯ ಬಲೆಯನ್ನು ಸರಿಸಿ ಬಗ್ಗಿ ನೋಡಿದ. ಜೇಡ ಅಂಗಾತ ಬಿದ್ದಿತ್ತು. ಕಾಲು ಮೇಲಾಗಿದ್ದವು. ಸುತ್ತಲೂ ನೂಲು. ಸತ್ತೇಹೋಯಿತು ಎಂದುಕೊಂಡ.

ಪಕ್ಕದಲ್ಲಿ ಹೆಂಡತಿಯೂ ಬಗ್ಗಿದಳು. ಒಂದು ಕಾಲು ಮೆಲ್ಲನೆ ಮಿಡುಕಿತು. “ಜೀವ ಐತ್ರಿ. ಮುಟ್ಟಬ್ಯಾಡ್ರಿ, ಮುಚ್ಚಿಬಿಡ್ರಿ” ಎಂದಳು.

“ತನ್ನ ನೂಲಿನ್ಯಾಗ ತಾನೇ ಸಿಕ್ಕೊಂಡೈತಿ. ಇದೊಂದು ಸಿಕ್ಕು ಬಿಡಿಸಿದ್ರ ಎದ್ದು ಕುಂದರತೈತಿ” ಎಂದ ನೇಕಾರ.

ಅವನು ಮಗ್ಗದ ಸಣ್ಣ ಸೂಜಿ ತಂದ. ಬಾಗಿಲ ಕಡೆ ಒಮ್ಮೆ ಕಿವಿಗೊಟ್ಟ. ನಂತರ ಕೂತು ಎಳೆ ಎಳೆಯಾಗಿ ಬಿಡಿಸಿದ. ಅವನು ಜನ್ಮದಲ್ಲೇ ಅಷ್ಟು ಹಗುರ ಕೈಯಿಂದ ಕೆಲಸ ಮಾಡಿರಲಿಲ್ಲ. ಹಾಸಿಗೆಯ ನೂಲೆಲ್ಲ ಬಂತು. ಕಾಲ ಮೇಲೆ ಸುಲಿದು ನಿಂತಿದ್ದ ಹಳೆಯ ತೊಗಲನ್ನೂ ಅವನು ಗಂಟುಬಿದ್ದ ನೂಲೆಂದೇ ತಿಳಿದ. ಅದನ್ನೂ ಎಳೆದ. ಆಮೇಲೆ ಬೆರಳಿನಿಂದ ಜೇಡವನ್ನು ಮಗುಚಿ ನೆಟ್ಟಗೆ ಕೂರಿಸಿದ. ಸೂಜಿ ತಗಲಿದ ಕಡೆ ನೀರಿನಂಥ ಹನಿ ಮೂಡಿತು. ಅದು ಒರೆಸಿದಷ್ಟೂ ಮೂಡುತ್ತಲೇ ಇತ್ತು.

ಬೀಗರು ಬಂದರು. ನೇಕಾರ ಗಡಿಗೆಗೆ ಮತ್ತೆ ಬಟ್ಟೆ ಕಟ್ಟಿದ್ದ. ಮಲಗಿದೆ, ಇನ್ನೊಮ್ಮೆ ಬನ್ನಿ ಎಂದು ನಕ್ಕ. ಅವರು ಬಟ್ಟೆಯ ಮೇಲಿನಿಂದಲೇ ಇಣುಕಿದರು, ನೀರು ಕುಡಿದು ಹೋದರು. ಅವರು ಹೋದ ಮೇಲೆ ಬಟ್ಟೆ ಬಿಚ್ಚಿ ನೋಡಿದರೆ ಜೇಡ ಅವನು ಕೂರಿಸಿದ ಹಾಗೇ ನೆಟ್ಟಗೆ ಕೂತಿತ್ತು. ಕಾಲುಗಳೆಲ್ಲ ಹೊಟ್ಟೆಯಡಿಗೆ ಮುದುಡಿಕೊಂಡಿದ್ದವು. ಸತ್ತ ಜೇಡ ಕೂರುವುದೇ ಹಾಗೆ. ನೇಕಾರ ಗಡಿಗೆಯ ಮುಂದೆ ಕುಕ್ಕರಿಸಿ ಗೊಳೋ ಎಂದು ಅತ್ತ. ಹೆಂಡತಿ ಅವನನ್ನು ಸಮಾಧಾನ ಮಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಒಳಗಿನ ಕೋಣೆಯಲ್ಲಿ ಚನ್ನವೀರ ಒಮ್ಮೆ ಕೆಮ್ಮಿದ್ದು ಕೇಳಿಸಿತು.

 ಮರುಳಸಿದ್ಧನಿಗೆ ಸಿಟ್ಟು ಬಂದಿತ್ತು. ಗುರುಗಳು ಯಾವಾಗಲೂ ಆ ಕಿರಿಯವನ ಕಡೆಗೇ ವಾಲುತ್ತಾರೆ ಎನ್ನಿಸಿತು. ಅವನು ಬಿಡಲಿಲ್ಲ. “ನೇಕಾರಂದು ಏನು ತಪ್ಪ್ರಿ ಅಜ್ಜಾರ? ಪಾಪ, ಅವಗ ಅದರ ಮ್ಯಾಲೆ ಜೀವ ಇತ್ತು. ಕಣ್ಣಮುಂದ ಹಂಗ ಬಿದ್ದದ್ದನ್ನ ನೋಡಿ ಸುಮ್ಮನ ಹ್ಯಾಂಗ ಕುಂದರಬೇಕು?”

ಗುರುಗಳು ಅವನ ಮುಖವನ್ನೇ ನೋಡಿದರು.

“ಬೀಗರು ಬರೂದು ಇರಲಿಲ್ಲಂದ್ರ, ಅವ ಅವತ್ತು ಆ ನೂಲು ಬಿಚ್ಚತಿದ್ನೇನು?”

ಮರುಳಸಿದ್ಧ ಹಾರೆಯನ್ನು ಮೆಲ್ಲಗೆ ಕೆಳಗಿಟ್ಟ.